ಸೂರಿನ ನೀರು, ಮನೆಯ ಲೆಕ್ಕ



ಈ ಪಾಠದಲ್ಲಿ ನಮ್ಮ ಮನೆಯ ಸುದ್ದಿ ಹೇಳುತ್ತೇವೆ. ಇದು ದೊಡ್ಡವರ ಕಥೆ ಅಲ್ಲ. ಒಂದು ಸೂರು, ಎರಡು ಡ್ರಮ್ಮು, ಒಂದು ನೋಟ್‌ಬುಕ್ಕು, ಇಷ್ಟರ ಕಥೆ. ನಾವು ಮಾಡಿದ ಒಂದು ತಪ್ಪನ್ನೂ ಮುಚ್ಚಿಡದೆ ಹೇಳುತ್ತೇವೆ. ಆ ತಪ್ಪು ನಿಮ್ಮ ಮನೆಯಲ್ಲಿ ಆಗದಿದ್ದರೆ ಸಾಕು.

1. ನಮ್ಮ ಮನೆ, ನಮ್ಮ ನೆಲ

ನಮ್ಮದು ಕೆಂಗೇರಿ ಹೋಬಳಿಯ ಒಂದು ಸಣ್ಣ ಹಳ್ಳಿ. ಬೆಂಗಳೂರು ದಕ್ಷಿಣ ತಾಲ್ಲೂಕು. ಮನೆಯಲ್ಲಿ ನಾವು ಆರು ಜನ. ಅಜ್ಜಿ, ತಾತ, ಗಂಡ ಹೆಂಡತಿ ನಾವಿಬ್ಬರು, ಒಬ್ಬ ಮಗಳು, ಒಬ್ಬ ಮಗ. ಜೊತೆಗೆ ಒಂದು ಹಸು.

ನಮಗೆ ಇರುವುದು ಇಪ್ಪತ್ತು ಗುಂಟೆ ನೆಲ. ನಲವತ್ತು ಗುಂಟೆಗೆ ಒಂದು ಎಕರೆ. ಅಂದರೆ ನಮ್ಮದು ಅರ್ಧ ಎಕರೆ. ಮನೆಗೆ ಎರಡು ಗುಂಟೆ ಹೋಗಿದೆ. ಹನ್ನೆರಡು ಗುಂಟೆಯಲ್ಲಿ ರಾಗಿ, ನಡುನಡುವೆ ಅವರೆ ಸಾಲು. ಮೂರು ಗುಂಟೆ ಹಸುವಿನ ಮೇವಿಗೆ. ಎರಡು ಗುಂಟೆ ಕೈತೋಟ. ಉಳಿದ ಒಂದು ಗುಂಟೆಯಲ್ಲಿ ಕೊಟ್ಟಿಗೆ, ತಿಪ್ಪೆಗುಂಡಿ, ಹಳೇ ಬಾವಿ.

ನಮ್ಮ ಸುತ್ತ ಎಲ್ಲ ಬದಲಾಗಿದೆ. ಕೆಂಗೇರಿಗೆ ಮೊದಲು ಅದರದೇ ಪುರಸಭೆ ಇತ್ತು. 2007ರಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಆಮೇಲೆ ಕೆಂಪೇಗೌಡ ಬಡಾವಣೆಗೆಂದು ನಮ್ಮ ಹೋಬಳಿಯ ಹೊಲಗಳಲ್ಲಿ ಸಾವಿರಾರು ಎಕರೆ ಹೋಯಿತು. 2021ರಲ್ಲಿ ಕೆಂಗೇರಿಗೆ ಮೆಟ್ರೊ ರೈಲು ಬಂತು. 2023ರಲ್ಲಿ ಚಲ್ಲಘಟ್ಟದವರೆಗೂ ಹೋಯಿತು. ಈಗ ನಮ್ಮ ಹೊಲದಲ್ಲಿ ನಿಂತು ನೋಡಿದರೆ ಒಂದು ಕಡೆ ರಾಗಿ ತೆನೆ, ಇನ್ನೊಂದು ಕಡೆ ಎತ್ತರದ ಕಟ್ಟಡ.

ಹೊಳೆಯೂ ಬದಲಾಗಿದೆ. ವೃಷಭಾವತಿ ಬಸವನಗುಡಿ, ಮಲ್ಲೇಶ್ವರದ ಕಡೆ ಹುಟ್ಟಿ, ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಹೋಗುತ್ತದೆ. ತಾತ ಹುಡುಗನಾಗಿದ್ದಾಗ ಅದರಲ್ಲಿ ಈಜಿದ್ದಾರೆ. ಈಗ ಊರಿನ ಕೊಳಚೆ, ಕಾರ್ಖಾನೆಯ ಕೊಳಚೆ ಎಲ್ಲ ಅದಕ್ಕೇ. ಜನ ಅದನ್ನು ಹೊಳೆ ಅನ್ನುವುದೇ ಇಲ್ಲ, ಕೆಂಗೇರಿ ಮೋರಿ ಅಂತಾರೆ. ಆ ನೀರನ್ನು ನಾವು ಸೊಪ್ಪಿಗೂ ಹಾಕುವುದಿಲ್ಲ.

ಇನ್ನು ನಮ್ಮ ಅಜ್ಜಿ. ಅವರಿಗೆ ಅರವತ್ತು ದಾಟಿದ ಮೇಲೆ ಅಕ್ಷರ ಬಂತು. ಸಂಜೆ ತರಗತಿಗೆ ಹೋಗಿ ಕಲಿತರು. ಮೊದಲು ಓದಿದ್ದು ಬಸ್ಸಿನ ಬೋರ್ಡು. "ವಿ-ಜ-ಯ-ನ-ಗ-ರ" ಅಂತ ಒಂದೊಂದೇ ಅಕ್ಷರ ಕೂಡಿಸುವ ಹೊತ್ತಿಗೆ ಬಸ್ಸು ಹೊರಟೇಹೋಯಿತು! "ಹೋಗ್ಲಿ ಬಿಡು, ಬಸ್ಸು ಇನ್ನೊಂದು ಬತ್ತದೆ, ಅಕ್ಷರ ಬಂತಲ್ಲ" ಅಂದರು. ಅಂದಿನಿಂದ ಮನೆಯ ಲೆಕ್ಕದ ನೋಟ್‌ಬುಕ್ಕು ಅವರ ಕೈಯಲ್ಲಿ.

2. ಬತ್ತಿದ ಬೇಸಿಗೆ

2023ರಲ್ಲಿ ಮಳೆ ಕೈಕೊಟ್ಟಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ನಮಗೆ ಆ ವರ್ಷ ಸಿಕ್ಕಿದ್ದು ಒಂದೇ ಮೂಟೆ ರಾಗಿ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿದವು. ನಮ್ಮೂರ ಕೊಳವೆಬಾವಿಯೂ ಒಂದು ದಿನ ಬರೀ ಗಾಳಿ ಬಿಟ್ಟಿತು. ಹಳೇ ಬಾವಿ ಬತ್ತಿ ಎಷ್ಟೋ ವರ್ಷ ಆಗಿತ್ತು. ಟ್ಯಾಂಕರ್ ನೀರು ಕೊಳ್ಳಬೇಕಾಯಿತು. ಅಜ್ಜಿ ನೋಟ್‌ಬುಕ್ಕಿನಲ್ಲಿ ಬರೆದರು: "ಟ್ಯಾಂಕರ್ 1. ಸಾವಿರ ರೂಪಾಯಿ." ಹತ್ತಿರದ ಮನೆಯವರ ಜೊತೆ ಹಂಚಿಕೊಂಡು ತರಿಸಿದರೂ ಬೇಸಿಗೆ ಮುಗಿಯುವಷ್ಟರಲ್ಲಿ ನಮ್ಮ ಪಾಲಿಗೆ ಐದು ಸಾವಿರ ಆಯಿತು.

ಆಗ ಅಜ್ಜಿ ಒಂದು ಕೆಲಸ ಮಾಡಿದರು. ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕು ಅಂತ ಎಣಿಸಿ ಬರೆದರು.

ಕುಡಿಯಲು, ಅಡಿಗೆಗೆ: 3 ಬಿಂದಿಗೆ
ಸ್ನಾನಕ್ಕೆ: 8 ಬಿಂದಿಗೆ
ಪಾತ್ರೆ, ಬಟ್ಟೆಗೆ: 6 ಬಿಂದಿಗೆ
ಹಸುವಿಗೆ: 5 ಬಿಂದಿಗೆ
ಒಟ್ಟು: 22 ಬಿಂದಿಗೆ

ನಮ್ಮ ಬಿಂದಿಗೆಗೆ 15 ಲೀಟರ್ ಹಿಡಿಯುತ್ತದೆ. 22 ಬಿಂದಿಗೆ ಅಂದರೆ 330 ಲೀಟರ್. ಬರೆದು ನೋಡುವವರೆಗೂ ಇಷ್ಟು ನೀರು ಬಳಸುತ್ತೇವೆ ಅಂತ ನಮಗೇ ಗೊತ್ತಿರಲಿಲ್ಲ.

ಅದೇ ದಿನಗಳಲ್ಲಿ ಸೈಟು ಮಾಡಿ ಮಾರುವವರೊಬ್ಬರು ಮನೆಗೆ ಬಂದರು. "ನೀರೇ ಇಲ್ಲದ ಜಮೀನು ಇಟ್ಕೊಂಡು ಏನ್ ಮಾಡ್ತೀರ ಗೌಡ್ರೇ? ಹೊಲ ಕೊಟ್ಬಿಡಿ. ಬ್ಯಾಂಕಲ್ಲಿ ದುಡ್ಡು ಹಾಕಿ, ಬಡ್ಡೀಲಿ ಆರಾಮಾಗಿರಿ" ಅಂದರು. ತಾತ ಏನೂ ಮಾತಾಡಲಿಲ್ಲ. ಆದರೆ ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ.

3. ಸೂರಿನ ಲೆಕ್ಕ

ನೆಲದಡಿಯ ನೀರು ಹೋಯಿತು. ಹೊಳೆಯ ನೀರು ಕೆಟ್ಟಿತು. ಉಳಿದಿದ್ದು ಮೇಲಿನ ನೀರು. ಸೂರಿನ ಮೇಲೆ ಬಿದ್ದು ಸುಮ್ಮನೆ ಬೀದಿಗೆ ಹರಿಯುವ ಮಳೆ ನೀರನ್ನು ಹಿಡಿಯೋಣ ಅಂದುಕೊಂಡೆವು. ಇದು ಹೊಸ ವಿಚಾರ ಅಲ್ಲ. ಬೆಂಗಳೂರಿನಲ್ಲಿ ದೊಡ್ಡ ಮನೆಗಳವರು ಮಳೆ ನೀರು ಹಿಡಿಯಲೇಬೇಕು ಎಂದು 2009ರಲ್ಲೇ ಕಾನೂನು ಬಂದಿದೆ.

ಎಷ್ಟು ನೀರು ಸಿಗುತ್ತೆ? ಲೆಕ್ಕ ಸುಲಭ.

ನೂರು ಚದರ ಅಡಿ ಸೂರಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರು. ಸ್ವಲ್ಪ ಸೋರಿ ಹೋಗುತ್ತೆ, ಸ್ವಲ್ಪ ಹೀರಿಹೋಗುತ್ತೆ. ಆದ್ದರಿಂದ 80 ಲೀಟರ್ ಅಂತ ಇಟ್ಟುಕೊಳ್ಳೋಣ. ನಮ್ಮ ಸೂರು ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಮೂವತ್ತು ಇಪ್ಪತ್ಲಿ ಆರುನೂರು. ಅಂದರೆ ಆರು ನೂರುಗಳು. 80ನ್ನು 6ರಿಂದ ಗುಣಿಸಿದರೆ 480 ಲೀಟರ್. 15 ಲೀಟರಿನ ಬಿಂದಿಗೆಯಲ್ಲಿ 32 ಬಿಂದಿಗೆ!

ಒಂದು ಸೆಂಟಿಮೀಟರ್ ಮಳೆ ಒಂದೂವರೆ ದಿನದ ನೀರು ಕೊಡುತ್ತದೆ. ನಮ್ಮ ಕಡೆ ಒಳ್ಳೇ ವರ್ಷದಲ್ಲಿ 90 ಸೆಂಟಿಮೀಟರ್‌ವರೆಗೆ ಮಳೆ ಆಗುತ್ತದೆ. ಹಾಗಾದರೆ ವರ್ಷಕ್ಕೆ 43,200 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಆದರೆ ಏಳು ಟ್ಯಾಂಕರ್ ನೀರು. ಅಷ್ಟೂ ಹಿಡಿದಿಡಲು ನಮ್ಮಲ್ಲಿ ತೊಟ್ಟಿ ಇಲ್ಲ, ನಿಜ. ಆದರೆ ಹಿಡಿದಷ್ಟು ಲಾಭ. ಹನಿ ಹನಿ ಕೂಡಿದರೆ ಹಳ್ಳ.

ಮೇ ತಿಂಗಳಲ್ಲಿ ಕೆಲಸ ಶುರು ಮಾಡಿದೆವು. ಹೀಗೆ ಮಾಡಿದೆವು:

ಸೂರು ಗುಡಿಸಿ ತೊಳೆದೆವು. ನೀರು ಇಳಿಯುವ ಕಡೆ ಪೈಪು ಕೂರಿಸಿದೆವು. ಪೈಪಿಗೆ ಪಕ್ಕದಲ್ಲಿ ಒಂದು ಬಿರಡೆ ಇಟ್ಟೆವು. ಮಳೆ ಬಂದ ಮೊದಲ ಹತ್ತು ಹದಿನೈದು ನಿಮಿಷ ಬಿರಡೆ ತೆಗೆದಿರಬೇಕು. ಧೂಳು, ಎಲೆ, ಹಕ್ಕಿ ಹಿಕ್ಕೆ ಎಲ್ಲ ಆ ನೀರಿನಲ್ಲಿ ಆಚೆ ಹೋಗುತ್ತೆ. ಆಮೇಲೆ ಬಿರಡೆ ಹಾಕಬೇಕು.

ಒಂದು ಬಕೆಟ್ಟಿನ ತಳಕ್ಕೆ ತೂತು ಮಾಡಿ, ಅದರಲ್ಲಿ ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಇದ್ದಿಲು, ಎಲ್ಲಕ್ಕಿಂತ ಮೇಲೆ ತೊಳೆದ ಮರಳು ತುಂಬಿದೆವು. ಪೈಪಿನ ನೀರು ಇದರಲ್ಲಿ ಸೋಸಿ ಇನ್ನೂರು ಲೀಟರಿನ ಡ್ರಮ್ಮಿಗೆ ಬೀಳುತ್ತದೆ. ಅಂಥ ಎರಡು ಡ್ರಮ್ಮು ಜೋಡಿಸಿದೆವು. ಎರಡೂ ತುಂಬಿದ ಮೇಲೆ ಹೆಚ್ಚಿನ ನೀರು ಹಳೇ ಬಾವಿಗೆ ಹೋಗುತ್ತದೆ.

ಎಚ್ಚರ! ರಾಸಾಯನಿಕ, ಬಣ್ಣ, ಔಷಧಿ ತುಂಬಿದ್ದ ಡ್ರಮ್ಮು ಕೊಳ್ಳಬೇಡಿ. ಎಷ್ಟು ತೊಳೆದರೂ ವಿಷ ಹೋಗುವುದಿಲ್ಲ. ಡ್ರಮ್ಮಿನ ನೀರು ಹಸುವಿಗೆ, ಬಟ್ಟೆಗೆ, ಸ್ನಾನಕ್ಕೆ ಸರಿ. ಕುಡಿಯುವುದಾದರೆ ಕುದಿಸಿ ಆರಿಸಿಯೇ ಕುಡಿಯಬೇಕು.

ಮೊದಲ ಮಳೆಗೆ ಡ್ರಮ್ಮು ತುಂಬಿದಾಗ ಮನೆಯವರೆಲ್ಲ ಸುತ್ತ ನಿಂತು ನೋಡಿದೆವು. ಟೀವಿ ಬಂದ ದಿನವೂ ನಾವು ಹಾಗೆ ನಿಂತಿರಲಿಲ್ಲ.

4. ನಾವು ಮಾಡಿದ ತಪ್ಪು

ಡ್ರಮ್ಮಿಗೆ ಮುಚ್ಚಳ ಇತ್ತು. ಆದರೆ ಸೋಸುವ ಬಕೆಟ್ಟು ಮೇಲೆ ಕೂತಿದ್ದರಿಂದ ಮುಚ್ಚಳ ಕೂರುತ್ತಿರಲಿಲ್ಲ. ಮುಚ್ಚಳದಲ್ಲಿ ತೂತು ಕೊರೆಸಬೇಕಿತ್ತು. "ನಾಳೆ ಕೊರೆಸಿದರಾಯ್ತು" ಅಂದೆವು. ಒಂದು ಗೋಣಿಚೀಲ ಹೊದಿಸಿ ಸುಮ್ಮನಾದೆವು. ಆ ನಾಳೆ ಬರಲೇ ಇಲ್ಲ. ಗೋಣಿಚೀಲ ಜಾರಿ ಕೆಳಗೆ ಬಿತ್ತು. ಯಾರೂ ನೋಡಲಿಲ್ಲ.

ಮೊದಲು ನೋಡಿದವನು ನಮ್ಮ ಮಗ, ಐದು ವರ್ಷದವನು.

"ಅಜ್ಜೀ, ನೀರಲ್ಲಿ ಹುಳ ಕುಣೀತಾವೆ!"

"ಮಳೆ ನೀರಲ್ಲಿ ಹುಳ ಇರ್ತಾವೆ ಕಣ್ಲಾ ಮಗಾ. ಬಟ್ಟೇಲಿ ಸೋಸ್ಕೊಂಡ್ರಾಯ್ತು."

ಅಜ್ಜಿಯ ತಪ್ಪು ಅಂತ ಹೇಳುವುದಿಲ್ಲ. ನಾವೂ ಅದನ್ನೇ ಹೇಳುತ್ತಿದ್ದೆವು. ಆ ಹುಳ ಸೊಳ್ಳೆಯ ಮರಿ ಎಂದು ನಮಗೆ ಯಾರಿಗೂ ತಿಳಿದಿರಲಿಲ್ಲ.

ಜುಲೈ ತಿಂಗಳು ಮಗಳಿಗೆ ಜ್ವರ ಬಂತು. ಮೈಕೈ ನೋವು, ಕಣ್ಣಿನ ಹಿಂದೆ ನೋವು. "ಮಳೇಲಿ ನೆಂದವಳೆ, ಶೀತ ಆಗದೆ" ಅಂದುಕೊಂಡು ಕಷಾಯ ಕೊಟ್ಟೆವು. ನಾಲ್ಕನೇ ದಿನ ಜ್ವರ ಇಳಿಯಿತು. ಮನೆಯಲ್ಲಿ ಸಮಾಧಾನ. ಹೊಲಕ್ಕೆ ಹೋದೆವು. ಮಧ್ಯಾಹ್ನ ಬಂದು ನೋಡಿದರೆ ಮಗು ಮೇಲಿಂದ ಮೇಲೆ ವಾಂತಿ ಮಾಡುತ್ತಿದೆ. ಹೊಟ್ಟೆ ನೋವು ಅಂತ ಅಳುತ್ತಿದೆ. ಕೈಕಾಲು ತಣ್ಣಗೆ.

ಅಜ್ಜಿ ಒಳಗೆ ಹೋದರು. ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಒಂದು ಕಾಗದ ತಂದರು. ಹಿಂದಿನ ವಾರ ಆಶಾ ಕಾರ್ಯಕರ್ತೆ ಕೊಟ್ಟಿದ್ದ ಕರಪತ್ರ ಅದು. ನಾವು ಯಾರೂ ಅದನ್ನು ಓದಿರಲಿಲ್ಲ. ಶಾಲೆ ಕಲಿತವರು ನಾವು, ಓದಿರಲಿಲ್ಲ! ಹೊಸದಾಗಿ ಕಲಿತ ಅಜ್ಜಿ ರಾತ್ರಿ ಕೂತು ಅಕ್ಷರ ಕೂಡಿಸಿಕೊಂಡು ಅರ್ಧ ಓದಿದ್ದರು. ಈಗ ಬೆರಳಿಟ್ಟು ತೋರಿಸಿದರು.

"ಇಲ್ನೋಡು. 'ಜ್ವರ ಇಳಿದ ಮೇಲೆ ಹೊಟ್ಟೆ ನೋವು, ವಾಂತಿ ಬಂದರೆ...' ಮುಂದಕ್ಕೆ ನೀನು ಓದವ್ವ, ಕಣ್ಣು ಮಂಜಾಗ್ತದೆ."

ಮುಂದೆ ಹೀಗಿತ್ತು: ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆಟೊ ಹಿಡಿದು ಓಡಿದೆವು. ರಕ್ತ ಪರೀಕ್ಷೆ ಮಾಡಿದರು. ಡೆಂಗಿ ಜ್ವರ. ಐದು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಡ್ರಿಪ್ ಹಾಕಿದರು. "ಒಳ್ಳೇ ಹೊತ್ತಿಗೆ ತಂದಿದ್ದೀರಿ. ಇನ್ನೊಂದು ದಿನ ಕಾದಿದ್ದರೆ ಕಷ್ಟ ಆಗೋದು" ಅಂದರು ಡಾಕ್ಟರು. ಮಗು ಉಳಿಯಿತು. ಆ ಐದು ರಾತ್ರಿ ನಾವು ಹೇಗೆ ಕಳೆದೆವು ಎಂಬುದನ್ನು ಬರೆಯಲು ನಮಗೆ ಇನ್ನೂ ಅಕ್ಷರ ಸಾಲದು.

5. ಡೆಂಗಿ ಬಗ್ಗೆ ನಾವು ಕಲಿತದ್ದು

ಡೆಂಗಿ ಸೊಳ್ಳೆಯ ಕಾಲಿನ ಮೇಲೆ ಬಿಳಿ ಪಟ್ಟೆ ಇರುತ್ತದೆ. ಇದು ಹೆಚ್ಚಾಗಿ ಹಗಲು ಹೊತ್ತು ಕಚ್ಚುತ್ತದೆ. ಮೋರಿ ನೀರಿಗಿಂತ ಶುದ್ಧವಾದ, ನಿಂತ ನೀರು ಇದಕ್ಕೆ ಇಷ್ಟ. ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆ, ಹಳೇ ಟೈರು, ತೆಂಗಿನ ಚಿಪ್ಪು, ಒಡೆದ ಮಡಕೆ, ಎಲ್ಲಿ ಒಂದು ಲೋಟ ನೀರು ನಿಂತರೂ ಸಾಕು.

ಸೊಳ್ಳೆ ನೀರಿನ ಅಂಚಿನಲ್ಲಿ, ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಮರಿಯಾಗಿ, ಮರಿ ಸೊಳ್ಳೆಯಾಗಿ ಹಾರಲು ಏಳರಿಂದ ಹತ್ತು ದಿನ. ಅದಕ್ಕೇ ವಾರಕ್ಕೊಮ್ಮೆ ನೀರು ಖಾಲಿ ಮಾಡಬೇಕು. ಬರೀ ಚೆಲ್ಲಿದರೆ ಸಾಲದು. ಒಣಗಿದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ಬಿದ್ದರೆ ಮರಿಯಾಗುತ್ತದೆ. ಆದ್ದರಿಂದ ಗೋಡೆಯನ್ನು ಬ್ರಷ್ಷಿನಿಂದಲೋ ತೆಂಗಿನ ನಾರಿನಿಂದಲೋ ಚೆನ್ನಾಗಿ ಉಜ್ಜಬೇಕು.

ಜ್ವರ ಬಂದರೆ ಚೆನ್ನಾಗಿ ನೀರು, ಗಂಜಿ, ಎಳನೀರು ಕುಡಿಸಿ. ಡಾಕ್ಟರನ್ನು ಕೇಳದೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಬೇಡಿ. ಆಸ್ಪಿರಿನ್‌ನಂಥ ಮಾತ್ರೆಗಳು ರಕ್ತಸ್ರಾವ ಹೆಚ್ಚಿಸುತ್ತವೆ. ಜ್ವರ ಇಳಿದ ಹೊತ್ತೇ ಹೆಚ್ಚು ಎಚ್ಚರದ ಹೊತ್ತು. ಹೊಟ್ಟೆ ನೋವು, ವಾಂತಿ, ವಸಡಿನಲ್ಲಿ ರಕ್ತ, ತೂಕಡಿಕೆ, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಓಡಿ.

ಆ ವರ್ಷ ನಾಡಿನಲ್ಲೆಲ್ಲ ಡೆಂಗಿ ಜಾಸ್ತಿ ಇತ್ತು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಎಂದೂ ಹೇಳಿತು.

6. ಒಡೆಯಲಿಲ್ಲ, ಸರಿಮಾಡಿದೆವು

ಆಸ್ಪತ್ರೆಯಿಂದ ಬಂದ ದಿನ ತಾತ ಕೊಡಲಿ ತಗೊಂಡು ಡ್ರಮ್ಮಿನ ಹತ್ತಿರ ಹೋದರು. "ಮನೆಹಾಳು ಡ್ರಮ್ಮು! ಮಗೀನ್ ಜೀವ ತಿಂತಿತ್ತು" ಅಂತ ಎತ್ತಿದರು.

ಅಜ್ಜಿ ಅಡ್ಡ ನಿಂತರು. "ಡ್ರಮ್ಮೇನು ಮಾಡ್ತು? ಮುಚ್ಚದೆ ಬಿಟ್ಟೋರು ನಾವು. ಒಡೆದು ಹಾಕಿದ್ರೆ ಬರೋ ಬೇಸಿಗೆಗೆ ಟ್ಯಾಂಕರ್ ದುಡ್ಡು ನೀವು ಕೊಡ್ತೀರಾ?"

ತಾತ ಕೊಡಲಿ ಕೆಳಗಿಟ್ಟರು. ಮರುದಿನವೇ ಮುಚ್ಚಳಕ್ಕೆ ತೂತು ಕೊರೆಸಿದೆವು. ಪೈಪು ತೂರಿಸಿ ಸುತ್ತ ಸಂದು ಬಿಡದ ಹಾಗೆ ಬಿಗಿ ಮಾಡಿದೆವು. ಹೆಚ್ಚಿನ ನೀರು ಹೋಗುವ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ಬಲೆ ಎರಡು ಮಡಿಕೆ ಮಾಡಿ ಕಟ್ಟಿದೆವು. ಡ್ರಮ್ಮಿನ ಬುಡಕ್ಕೆ ನಲ್ಲಿ ಹಾಕಿಸಿದೆವು. ಈಗ ನೀರು ತೆಗೆಯಲು ಮುಚ್ಚಳ ತೆರೆಯುವ ಕೆಲಸವೇ ಇಲ್ಲ. ಸೋಸುವ ಬಕೆಟ್ಟಿಗೂ ಬಲೆ ಕಟ್ಟಿದೆವು. ಹಳೇ ಬಾವಿಯ ಬಾಯಿಗೂ ಬಲೆ ಹೊದಿಸಿದೆವು.

ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಒಣದಿನ. ಹಸುವಿನ ಕಲ್ಲುತೊಟ್ಟಿ ಖಾಲಿ ಮಾಡಿ ಉಜ್ಜುತ್ತೇವೆ. ಅಂಗಳದ ಚಿಪ್ಪು, ಡಬ್ಬ ಹುಡುಕುವ ಕೆಲಸ ಮಕ್ಕಳದು. ಮೊದಲು ಹುಳ ಕಂಡವನು ಮಗ. ಅವನೇ ಈಗ ನಮ್ಮ ಮನೆಯ ಇನ್‌ಸ್ಪೆಕ್ಟರ್!

ಬಚ್ಚಲ ನೀರೂ ಈಗ ನಿಲ್ಲುವುದಿಲ್ಲ. ಕಾಲುವೆ ತೆಗೆದು ಬಾಳೆ ಬುಡಕ್ಕೆ ಬಿಟ್ಟಿದ್ದೇವೆ.

ಹಳೇ ಬಾವಿ ತುಂಬಿತೇ ಅಂತ ನೀವು ಕೇಳಬಹುದು. ಇಲ್ಲ, ತುಂಬಲಿಲ್ಲ. ಒಂದು ಮನೆಯ ಸೂರಿಂದ ಬಾವಿ ತುಂಬುವುದಿಲ್ಲ. ಬೀದಿಯ ಹತ್ತು ಮನೆಯವರು ಸೇರಿದರೆ ಏನಾಗುತ್ತೋ ನೋಡಬೇಕು. ಇಬ್ಬರು ಒಪ್ಪಿದ್ದಾರೆ.

7. ಸಂಕ್ರಾಂತಿಯ ಲೆಕ್ಕ

2025ರ ಸಂಕ್ರಾಂತಿಗೆ ಸೈಟಿನವರು ಮತ್ತೆ ಬಂದರು. ತಾತ ಹೇಳಿದರು: "ಇವತ್ತು ಹಬ್ಬ. ಎಳ್ಳು ಬೆಲ್ಲ ತಗೊಳ್ಳಿ. ಲೆಕ್ಕ ನೋಡಿ ಹೇಳ್ತೀವಿ." ರಾತ್ರಿ ಎಲ್ಲರೂ ಕೂತೆವು. ಅಜ್ಜಿ ನೋಟ್‌ಬುಕ್ಕು ಬಿಚ್ಚಿದರು. ವರ್ಷದ ಲೆಕ್ಕ ಹೀಗಿತ್ತು.

ಬಂದದ್ದು:
ಡೇರಿಗೆ ಹಾಕಿದ ಹಾಲು: 30,700 ರೂ.
ರಾಗಿ 3 ಕ್ವಿಂಟಲ್: 12,870 ರೂ.
ಸೊಪ್ಪು, ಅವರೆಕಾಯಿ, ನುಗ್ಗೆ ಮಾರಿದ್ದು: 9,400 ರೂ.
ಒಟ್ಟು: 52,970 ರೂ.

ರಾಗಿಯನ್ನು ನಾವು ಮಾರಲಿಲ್ಲ, ಮನೆಗೇ ಇಟ್ಟುಕೊಂಡೆವು. ಆ ವರ್ಷ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ ಇತ್ತು. ಅದೇ ಬೆಲೆ ಕಟ್ಟಿ ಬರೆದುಕೊಂಡೆವು. ಊಟ ಮಾಡಿದ ರಾಗಿಯೂ ದುಡ್ಡೇ ತಾನೆ?

ಹೋದದ್ದು:
ಹಸುವಿನ ಬೂಸಾ, ಹಿಂಡಿ, ಔಷಧಿ: 14,200 ರೂ.
ಉಳುಮೆ, ಗೊಬ್ಬರ: 6,300 ರೂ.
ಟ್ಯಾಂಕರ್: 5,000 ರೂ.
ಡ್ರಮ್ಮು, ಪೈಪು, ನಲ್ಲಿ: 5,100 ರೂ.
ಮಗಳ ಆಸ್ಪತ್ರೆ: 8,400 ರೂ.
ಒಟ್ಟು: 39,000 ರೂ.

ಉಳಿದದ್ದು 13,970 ರೂಪಾಯಿ.

ತಾತ ನಿಟ್ಟುಸಿರು ಬಿಟ್ಟರು. "ವರ್ಷೆಲ್ಲ ಗೇದು ಇಷ್ಟೇನಾ? ಬ್ಯಾಂಕಿನ ಬಡ್ಡಿ ಇದಕ್ಕಿಂತ ಎಷ್ಟೋ ಜಾಸ್ತಿ ಬತ್ತದೆ." ಅವರ ಮಾತು ಸುಳ್ಳಲ್ಲ.

ಅಜ್ಜಿ ಪೆನ್ಸಿಲು ತಗೊಂಡು ಎರಡು ಸಾಲಿಗೆ ಗುರುತು ಹಾಕಿದರು. ಟ್ಯಾಂಕರ್ 5,000. ಆಸ್ಪತ್ರೆ 8,400. ಎರಡೂ ಸೇರಿ 13,400. "ನೋಡಿ, ಉಳಿದಷ್ಟೇ ದುಡ್ಡು ಹೆಚ್ಚುಕಮ್ಮಿ ಇಲ್ಲೂ ಹೋಗದೆ. ಒಂದು ನೀರಿಲ್ಲದ್ದಕ್ಕೆ ಹೋಯ್ತು. ಇನ್ನೊಂದು ನೀರು ಮುಚ್ಚದೆ ಇದ್ದದ್ದಕ್ಕೆ ಹೋಯ್ತು. ಇದು ನೆಲದ ತಪ್ಪಾ? ಈ ಎರಡು ಸಾಲು ಇಲ್ದಂಗೆ ಒಂದು ವರ್ಷ ನೋಡಾಣ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು. ಮಾರೋದಕ್ಕೆ ಒಂದು ದಿನ ಸಾಕು. ಮತ್ತೆ ತಗೊಳಕ್ಕೆ ಒಂದು ಜನ್ಮ ಸಾಲದು."

ತುಂಬ ಹೊತ್ತು ಮಾತಾಯಿತು. ಕಡೆಗೆ ಮೂರು ವರ್ಷ ಮಾರಬಾರದು ಎಂದು ತೀರ್ಮಾನ ಮಾಡಿದೆವು. ಇನ್ನೊಂದು ತೀರ್ಮಾನವನ್ನೂ ಮಾಡಿದೆವು. ಯಾವ ಕಾಗದ ಬಂದರೂ ಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಎಲ್ಲರಿಗೂ ಅರ್ಥ ಆದ ಮೇಲೇ ಸಹಿ. ಅಜ್ಜಿ ಇದನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದು, ಕೆಳಗೆ ತಮ್ಮ ಹೆಸರು ಬರೆದರು. ತಾತನೂ ಬರೆದರು. ಹೆಬ್ಬೆಟ್ಟು ಒತ್ತಲಿಲ್ಲ. ಅಜ್ಜಿಯೇ ಕಲಿಸಿದ ಅಕ್ಷರದಲ್ಲಿ, ಸೊಟ್ಟಸೊಟ್ಟಾಗಿ, ತಮ್ಮ ಹೆಸರು ಬರೆದರು.

ಮುಂದೆ ಏನಾಗುತ್ತೋ ನಾವು ಕಾಣೆವು. ಈ ಸಾಲಿನ ಲೆಕ್ಕ ನಡೀತಾ ಇದೆ. ಮುಚ್ಚಳ ಭದ್ರವಾಗಿದೆ.

ಮಾತಾಡೋಣ

1. ನಿಮ್ಮೂರಿನ ಕೆರೆ, ಬಾವಿ, ಹೊಳೆ ಹಿಂದೆ ಹೇಗಿದ್ದವು? ಈಗ ಹೇಗಿವೆ? ಹಿರಿಯರನ್ನು ಕೇಳಿ.
2. ಹುಳ ಕಂಡದ್ದನ್ನು ಮಗು ಹೇಳಿದಾಗ ನಾವು ಏನು ಮಾಡಬೇಕಿತ್ತು?
3. ತಾತನ ಮಾತು ಸರಿಯೋ, ಅಜ್ಜಿಯ ಮಾತು ಸರಿಯೋ? ಏಕೆ?

ಲೆಕ್ಕ ಮಾಡೋಣ

1. ನಿಮ್ಮ ಮನೆಗೆ ದಿನಕ್ಕೆ ಎಷ್ಟು ಬಿಂದಿಗೆ ನೀರು ಬೇಕು? ಎಣಿಸಿ ಬರೆಯಿರಿ.
2. ನಿಮ್ಮ ಸೂರಿನ ಉದ್ದ, ಅಗಲ ಅಳೆಯಿರಿ. ಒಂದು ಸೆಂಟಿಮೀಟರ್ ಮಳೆಗೆ ಎಷ್ಟು ಲೀಟರ್ ಸಿಗುತ್ತದೆ?
3. ಟ್ಯಾಂಕರ್, ಆಸ್ಪತ್ರೆ ಖರ್ಚು ಇಲ್ಲದಿದ್ದರೆ ನಮಗೆ ಎಷ್ಟು ಉಳಿಯುತ್ತಿತ್ತು?

ಬರೆಯೋಣ

ಬಿಂದಿಗೆ, ಮುಚ್ಚಳ, ಸೊಳ್ಳೆ, ಶುಕ್ರವಾರ, ಸಹಿ. ಈ ಐದು ಪದಗಳನ್ನು ಬಳಸಿ ನಿಮ್ಮ ಮನೆಯ ಬಗ್ಗೆ ಐದು ವಾಕ್ಯ ಬರೆಯಿರಿ.

ಈ ಪುಟ ಓದಿ ಮುಗಿಸಿದಿರಾ? ಈಗ ಪುಸ್ತಕ ಕೆಳಗಿಡಿ. ಹಿತ್ತಲಿಗೆ ಹೋಗಿ ಒಮ್ಮೆ ಡ್ರಮ್ಮು, ತೊಟ್ಟಿ ನೋಡಿ ಬನ್ನಿ.